ವೈಜಯಂತಿಯ ಸೇಠಿಯೂ, ಚಕ್ಕುಲಿ ಒರಳಿನ ಬಿಲ್ಲೆಯೂ

ಊರಿಂದ ಯಾರೇ ಬಂದರೂ ನಮ್ಮ ಲೋಣಾವಳಾ ದರ್ಶನದ ಕಾರ್ಯಕ್ರಮ ಹೆಚ್ಚುಕಮ್ಮಿ ಒಂದೇ. ಬೆಳಿಗ್ಗೆ ಭುಶಿ ಡ್ಯಾಮ್, ಮಧ್ಯಾಹ್ನ ಟೈಗರ್ ಪಾಯಿಂಟ್, ಸಂಜೆ ಪೇಟೆಯಲ್ಲಿ ಚಿಕ್ಕಿ. "ಇದೇನೋ, ನಮ್ಮ ಕಡೆ ಕಡಲೆ ಮಿಠಾಯಿ ಅಂತಾರಲ್ಲ ಅದೇ ಅಲ್ವೇನೋ?" ಅಂತ ಬಂದವರೆಲ್ಲ ಕೇಳುತ್ತಾರೆ. ಕೇಳಿದ ಮೇಲೆ ನಾಲ್ಕು ಕಿಲೋ ಕಟ್ಟಿಸಿಕೊಂಡು ಹೋಗುತ್ತಾರೆ. ಮೂವತ್ತು ವರ್ಷದಿಂದ ಇದೇ ನಡೆದಿದೆ.

ಈ ಸಲ ದೊಡ್ಡಮ್ಮ ಬಂದಾಗ ಕಾರ್ಯಕ್ರಮ ಸ್ವಲ್ಪ ಬದಲಾಯ್ತು. ಎಂಬತ್ತರ ಹತ್ತಿರದ ಅವರಿಗೆ ಡ್ಯಾಮಿನ ನೀರಲ್ಲಿ ನೆನೆಯುವ ಆಸೆಯೇನೂ ಇರಲಿಲ್ಲ. "ದೇವಸ್ಥಾನ ಏನಾದ್ರೂ ಇದ್ರೆ ತೋರ್ಸು" ಅಂದರು. ಕಾರ್ಲಾ ಗುಡ್ಡದ ಏಕವೀರಾ ದೇವಿ ನೆನಪಾಯ್ತು. ಅಣ್ಣನ ಮಗ ಜೊತೆಗಿದ್ದ, ಬೆಂಗಳೂರಿನಲ್ಲಿ ಸಿವಿಲ್ ಎಂಜಿನಿಯರ್. ಪಕ್ಕದ ಮನೆಯ ಕಾಕಾ "ನಾನೂ ಬರ್ತೀನಿ, ಬಹಳ ದಿನ ಆಯ್ತು" ಅಂತ ಕೋಲು ಹಿಡಿದು ಹೊರಟರು. ಕಾಕಾ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಖಂಡಾಳಾ ಘಾಟಿಯ ಒಂದೊಂದು ಸುರಂಗವನ್ನೂ ಮನೆಯ ಬಾಗಿಲಿನಂತೆ ಬಲ್ಲವರು.

ದೊಡ್ಡಮ್ಮ ಮೆಟ್ಟಿಲಿಗೊಮ್ಮೆ ಕೂತು, ಎದ್ದು, ಅಂತೂ ಹತ್ತಿದರು. ದೇವಿಯ ದರ್ಶನ ಆಯ್ತು. ಪಕ್ಕದಲ್ಲೇ ಇರುವ ಆ ದೊಡ್ಡ ಗುಹೆಯೊಳಗೆ ಎಲ್ಲರೂ ಹೊಕ್ಕೆವು. ಬೌದ್ಧರ ಚೈತ್ಯ. ಒಳಗೆ ಸುಮಾರು 125 ಅಡಿ ಉದ್ದ, 45 ಅಡಿ ಅಗಲ. ಎಡಬಲದಲ್ಲಿ ಹದಿನೈದು ಹದಿನೈದು ಕಂಬ, ಒಂದೊಂದರ ತಲೆಯ ಮೇಲೂ ಮಂಡಿಯೂರಿದ ಆನೆಗಳು, ಆನೆಗಳ ಮೇಲೆ ಜೋಡಿಗಳು. ಕೊನೆಯಲ್ಲಿ ಸ್ತೂಪ. ಇಡೀ ಗುಡ್ಡವನ್ನು ಒಳಗಿನಿಂದ ಕೆತ್ತಿ ತೆಗೆದದ್ದು.

ದೊಡ್ಡಮ್ಮ ಒಂದು ನಿಮಿಷ ಬಾಯಿ ಬಿಟ್ಟು ನಿಂತರು. ಆಮೇಲೆ ಕೈಮುಗಿದು, "ಇದು ಪಾಂಡವರು ಮಾಡಿದ್ದು ಕಣೋ. ವನವಾಸದಲ್ಲಿದ್ದಾಗ. ಮನುಷ್ಯರ ಕೈಯಲ್ಲಿ ಆಗೋ ಕೆಲಸವಾ ಇದು?" ಅಂದರು.

ಅಣ್ಣನ ಮಗ ಮೇಲೆ ನೋಡುತ್ತಿದ್ದ. ಚಾವಣಿಗೆ ಮರದ ಕಮಾನುಪಟ್ಟಿಗಳಿವೆ. "ಚಿಕ್ಕಪ್ಪಾ, ಇದು ವಿಚಿತ್ರ. ಈ ಮರ ಏನನ್ನೂ ಹೊತ್ತಿಲ್ಲ. ಕಲ್ಲು ತಾನಾಗೇ ನಿಂತಿದೆ. ಮರ ಯಾಕೆ ಹಾಕಿದ್ರು?"

ಕಾಕಾ ಬಾಗಿಲ ಕಡೆ ತಿರುಗಿ ಕಣಿವೆ ನೋಡುತ್ತಾ ಮರಾಠಿಯಲ್ಲಿ ಹೇಳಿದರು: "ಘಾಟಿ ಹತ್ತಿದ ಗಾಡಿ ಉಸಿರು ತಗೊಳ್ಳೋದೇ ಇಲ್ಲಿ. ಕರ್ಜತ್‌ನಲ್ಲಿ ಹಿಂದೆ ಹಚ್ಚಿದ ಬ್ಯಾಂಕರ್ ಎಂಜಿನ್ ಮೇಲೆ ಬಂದ ಮೇಲೆ ಕಳಚ್ತೀವಿ. ಆಗ ಎತ್ತಿನ ಸಾಲು ಬರ್ತಿತ್ತು, ಅಷ್ಟೇ ವ್ಯತ್ಯಾಸ."

ಇನ್ನು ನಾನು? ನಾನು ಎಂದಿನಂತೆ ಜಗಲಿಯ ಎಡಗಡೆ ಗೋಡೆಯ ಒಂದು ಸಾಲು ಬರಹದ ಹತ್ತಿರ ಹೋಗಿ ನಿಂತಿದ್ದೆ. ಅದರ ಕಥೆ ಮುಂದೆ ಹೇಳುತ್ತೇನೆ. ಅದೇ ಈ ಬರಹದ ಮೂಲ ಕಾರಣ, ನನ್ನ ಒಂದು ಹಳೆಯ ತಪ್ಪಿನ ಕಾರಣವೂ ಹೌದು.

ಒಂದೇ ಜೀಪಿನಲ್ಲಿ ಬಂದ ನಾಲ್ಕು ಜನ, ಒಂದೇ ಕಲ್ಲು, ನಾಲ್ಕು ಓದು. ಆವತ್ತು ಇಳಿಯುವಾಗ ನನಗೆ ಅಮ್ಮನ ಚಕ್ಕುಲಿ ಒರಳು ನೆನಪಾಯ್ತು. ಹಿಟ್ಟು ಒಂದೇ ಇರುತ್ತಿತ್ತು. ನಕ್ಷತ್ರದ ಬಿಲ್ಲೆ ಹಾಕಿದರೆ ಚಕ್ಕುಲಿ, ಸಣ್ಣ ತೂತಿನದು ಹಾಕಿದರೆ ಸೇವು, ಉದ್ದ ಸೀಳಿನದು ಹಾಕಿದರೆ ರಿಬ್ಬನ್. ನಮ್ಮ ತಲೆಯೂ ಹಾಗೇ ಅಲ್ಲವೇ? ಕಣ್ಣಿಗೆ ಬಿದ್ದದ್ದು ಹಿಟ್ಟು. ಒಳಗೆ ಯಾವ ಬಿಲ್ಲೆ ಇದೆಯೋ ಆ ಆಕಾರದಲ್ಲೇ ಹೊರಗೆ ಬರುತ್ತದೆ.

ಇದನ್ನು ಓದಿಕೊಂಡವರು ಬೇರೆ ಮಾತಿನಲ್ಲಿ ಹೇಳಿದ್ದಾರೆ. ಕೇಂಬ್ರಿಜ್‌ನ ಕೆನೆತ್ ಕ್ರೇಕ್ ಎಂಬಾತ 1943ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದ. ಮನುಷ್ಯ ಹೊರಗಿನ ಜಗತ್ತಿನ ಒಂದು ಪುಟ್ಟ ಮಾದರಿಯನ್ನು ತಲೆಯೊಳಗೆ ಇಟ್ಟುಕೊಂಡಿರುತ್ತಾನೆ, ಮುಂದೇನಾಗುತ್ತದೆ ಎಂಬುದನ್ನು ಆ ಮಾದರಿಯ ಮೇಲೆ ಓಡಿಸಿ ನೋಡುತ್ತಾನೆ ಎಂಬುದು ಅವನ ವಾದ. ಪಾಪ, 1945ರಲ್ಲಿ ಸೈಕಲ್ ಅಪಘಾತದಲ್ಲಿ ಮೂವತ್ತೊಂದರ ಹರೆಯಕ್ಕೇ ತೀರಿಕೊಂಡ. ಅವನಿಗೂ ಮೊದಲು ಅಲ್ಲಿಯೇ ಫ್ರೆಡರಿಕ್ ಬಾರ್ಟ್ಲೆಟ್ ಎಂಬವರು ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ಕೆಲವು ಸಮಯದ ನಂತರ ನೆನಪಿನಿಂದ ಹೇಳಿಸಿದ್ದರು. 1932ರಲ್ಲಿ ಅದನ್ನು ಪುಸ್ತಕವಾಗಿ ತಂದರು. ಕಥೆಯ ತೋಡುದೋಣಿ ಹೇಳುವವರ ಬಾಯಲ್ಲಿ ಮಾಮೂಲಿ ದೋಣಿಯಾಗಿತ್ತು, ಸೀಲ್ ಬೇಟೆ ಮೀನು ಹಿಡಿಯುವುದಾಗಿತ್ತು. ಅರ್ಥವಾಗದ ಭಾಗಗಳು ಉದುರಿಯೇ ಹೋಗಿದ್ದವು. ಯಾರೂ ಬೇಕಂತಲೇ ಸುಳ್ಳು ಹೇಳಿರಲಿಲ್ಲ. ತಮ್ಮ ಬಿಲ್ಲೆಯಲ್ಲಿ ಒತ್ತಿದ್ದರು ಅಷ್ಟೆ.

ಆದರೆ ಇದಕ್ಕೆ ಕೇಂಬ್ರಿಜ್‌ಗೆ ಹೋಗಬೇಕಿಲ್ಲ. ನಮ್ಮ ಮಳವಲಿ ಸ್ಟೇಷನ್ನಿನಲ್ಲಿ ಇಳಿದರೆ ಸಾಕು. ಹಳಿಯ ಒಂದು ಕಡೆ ಕಾರ್ಲಾ, ಇನ್ನೊಂದು ಕಡೆ ಭಾಜಾ. ಎರಡು ಸಾವಿರ ವರ್ಷದಿಂದ ಜನ ಈ ಕಲ್ಲುಗಳನ್ನು ತಮ್ಮ ತಮ್ಮ ಬಿಲ್ಲೆಯಲ್ಲಿ ಒತ್ತುತ್ತಲೇ ಬಂದಿದ್ದಾರೆ.

ಮೊದಲು ಸಾಹೇಬರ ವಿಷಯ ನೋಡಿ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಇಂಗ್ಲಿಷರಿಗೆ ಗೋಡೆಯ ಅಕ್ಷರಗಳನ್ನು ಓದಲು ಬರುತ್ತಿರಲಿಲ್ಲ. ಅವರಿಗೇ ಏನು, ಇಲ್ಲಿನ ಪಂಡಿತರಿಗೂ ಬರುತ್ತಿರಲಿಲ್ಲ. ಬ್ರಾಹ್ಮಿ ಲಿಪಿ ಮರೆತು ಎಷ್ಟೋ ಶತಮಾನ ಆಗಿತ್ತು. 1837ರಲ್ಲಿ ಕಲಕತ್ತೆಯ ಟಂಕಸಾಲೆಯ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ ಮೇಲೆಯೇ ಈ ಗೋಡೆಗಳು ಮಾತಾಡತೊಡಗಿದ್ದು. ಅಲ್ಲಿಯವರೆಗೆ ಎಲ್ಲರಿಗೂ ದೊಡ್ಡಮ್ಮನ ಉತ್ತರವೇ ಗತಿ. ಏಕವೀರೆಯ ಗುಡಿಯನ್ನು ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದರು ಎಂದು ಇಲ್ಲಿ ಇಂದಿಗೂ ಹೇಳುತ್ತಾರೆ. ನಾಸಿಕದ ಗುಹೆಗಳಿಗಂತೂ ಹೆಸರೇ ಪಾಂಡವ ಲೇಣಿ. ಇಷ್ಟು ದೊಡ್ಡ ಕೆಲಸ, ಮಾಡಿದವರ ಹೆಸರು ಗೊತ್ತಿಲ್ಲ, ಕಾಡಿನಲ್ಲಿದೆ. ಹಾಗಾದರೆ ಕಾಡಿನಲ್ಲಿದ್ದ ದೊಡ್ಡವರು ಯಾರು? ಲೆಕ್ಕ ಸರಿಯಾಗಿಯೇ ಇದೆ ನೋಡಿ!

ಆಮೇಲೆ ಬಂದ ಜೇಮ್ಸ್ ಫರ್ಗುಸನ್ ಸಾಮಾನ್ಯ ಮನುಷ್ಯನಲ್ಲ. ನೀಲಿ ವ್ಯಾಪಾರಕ್ಕೆ ಬಂದು, ದೇಶ ಸುತ್ತಿ, ಭಾರತದ ಕಟ್ಟಡಗಳ ಚರಿತ್ರೆಯನ್ನು ಮೊದಲ ಬಾರಿಗೆ ಕ್ರಮವಾಗಿ ಬರೆದವನು. ಕಾರ್ಲಾ ಚೈತ್ಯ ನೋಡಿ ಅವನಿಗೆ ಹೊಳೆದದ್ದು ಇಂಗ್ಲೆಂಡಿನ ನಾರ್ವಿಚ್ ಕೆಥೆಡ್ರಲ್. ನಡುವಿನ ಹಜಾರ, ಎರಡು ಪಕ್ಕದ ಓಣಿ, ಕೊನೆಗೆ ಅರ್ಧಚಂದ್ರಾಕಾರದ ಗೋಡೆ, ಪೀಠ ಇರಬೇಕಾದ ಜಾಗದಲ್ಲಿ ಸ್ತೂಪ. ಅಳತೆಯೂ ಅಲ್ಲಿನ ಗಾಯಕವೃಂದದ ಭಾಗಕ್ಕೆ ಹತ್ತಿರ ಹತ್ತಿರ ಎಂದು ಬರೆದ. ತಪ್ಪು ಹೋಲಿಕೆಯೇನಲ್ಲ. ಓದುಗರಿಗೆ ಥಟ್ಟನೆ ಅರ್ಥವಾಗುತ್ತದೆ. ಆದರೆ ಅದರ ಜೊತೆ ಚರ್ಚಿನ ಹೆಸರುಗಳೂ ಬಂದು ಅಂಟಿಕೊಂಡವು. ಇಂದಿಗೂ ಇಂಗ್ಲಿಷಿನಲ್ಲಿ ಬರೆದ ಯಾವ ಗೈಡ್ ಪುಸ್ತಕ ತೆಗೆದರೂ ಚೈತ್ಯದ ಭಾಗಗಳಿಗೆ ಚರ್ಚಿನ ಶಬ್ದಗಳೇ. ಚರ್ಚಿನಲ್ಲಿ ಜನ ಎದುರು ಮುಖ ಮಾಡಿ ಕೂರುತ್ತಾರೆ. ಇಲ್ಲಿ ಭಿಕ್ಷುಗಳು ಸ್ತೂಪಕ್ಕೆ ಪ್ರದಕ್ಷಿಣೆ ಬರುತ್ತಿದ್ದರು. ಪಕ್ಕದ ಓಣಿ ಇರುವುದೇ ಅದಕ್ಕೆ. ದೊಡ್ಡಮ್ಮ ಯಾರನ್ನೂ ಕೇಳದೆ ಸ್ತೂಪಕ್ಕೆ ಮೂರು ಸುತ್ತು ಬಂದರು. ಆ ಒಂದು ವಿಷಯದಲ್ಲಿ ಫರ್ಗುಸನ್‌ಗಿಂತ ದೊಡ್ಡಮ್ಮನ ಬಿಲ್ಲೆಯೇ ಸರಿಯಾಗಿ ಕೂತಿತು.

ಇದಕ್ಕಿಂತ ಸೋಜಿಗದ ಕಥೆ ಇನ್ನೊಂದಿದೆ. 1876ರಲ್ಲಿ ಫರ್ಗುಸನ್ ತನ್ನ ದೊಡ್ಡ ಪುಸ್ತಕ ತಂದಾಗ, ಶಾಸನಗಳ ಆಗಿನ ಓದನ್ನು ನಂಬಿ, ಈ ಚೈತ್ಯವನ್ನು ಮಾಡಿಸಿದವನು ಭೂತಿ ಎಂಬ ಮಹಾರಾಜ, ಅಂದರೆ ಪುರಾಣಗಳಲ್ಲಿ ಬರುವ ದೇವಭೂತಿ, ಕಾಲ ಕ್ರಿ.ಪೂ. 78 ಎಂದು ಬರೆದ. ಇಷ್ಟು ಭವ್ಯವಾದದ್ದನ್ನು ರಾಜನಲ್ಲದೆ ಇನ್ಯಾರು ಮಾಡಿಸಿಯಾರು? ಮುಂದೆ ಶಾಸನಗಳನ್ನು ಮತ್ತೆ ಮತ್ತೆ ನೋಡಿದರು. ಎಮಿಲ್ ಸೆನಾರ್ ಎಂಬ ಫ್ರೆಂಚ್ ವಿದ್ವಾಂಸ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಎಪಿಗ್ರಾಫಿಯಾ ಇಂಡಿಕಾದಲ್ಲಿ ಅವನ್ನೆಲ್ಲ ಒಟ್ಟಿಗೆ ಪ್ರಕಟಿಸಿದ. ರಾಜ ಮಾಯವಾದ! ಉಳಿದವರು ಯಾರು ಗೊತ್ತೇ? ಒಬ್ಬ ಕಂಬ ಕೊಟ್ಟವನು, ಒಬ್ಬ ಬಾಗಿಲು ಮಾಡಿಸಿದ ಬಡಗಿ, ಒಬ್ಬ ಗಂಧದ ವ್ಯಾಪಾರಿ, ಭಿಕ್ಷುಗಳು, ಭಿಕ್ಷುಣಿಯರು, ಧೇನುಕಾಕಟ ಎಂಬ ಊರಿನ ಜನ. ಹೊರಗಿನ ಸಿಂಹಸ್ತಂಭವನ್ನು ಕೊಟ್ಟವನು ಅಗ್ನಿಮಿತ್ರಣಕ ಎಂಬ ಒಬ್ಬ ಮಹಾರಠಿ. ಇಂದಿನ ವಿದ್ವಾಂಸರು ಚೈತ್ಯವನ್ನು ಕ್ರಿ.ಶ. ಒಂದನೇ ಶತಮಾನದ ಸುಮಾರಿಗೆ ತರುತ್ತಾರೆ. ನಾವು ವರ್ಗಣಿ ಎತ್ತಿ ಗಣಪತಿ ಇಡುತ್ತೇವಲ್ಲ, ಹೆಚ್ಚುಕಮ್ಮಿ ಹಾಗೆ ಆದ ಕೆಲಸ ಅದು.

ಎಂಜಿನಿಯರ್ ಹುಡುಗನ ಪ್ರಶ್ನೆಗೆ ಬರೋಣ. ಮರ ಯಾಕೆ? ಉತ್ತರಕ್ಕೆ ಅವನನ್ನು ಮರುದಿನ ಭಾಜಾಕ್ಕೆ ಕರೆದುಕೊಂಡು ಹೋದೆ. ಕಾರ್ಲಾಕ್ಕಿಂತ ಇನ್ನೂರು ವರ್ಷದಷ್ಟು ಹಳೆಯದು, ಕ್ರಿ.ಪೂ. ಎರಡನೇ ಶತಮಾನದ ಹೊತ್ತಿನದು. ಒಳಗೆ ಹೋಗಿ ಎರಡು ನಿಮಿಷದಲ್ಲೇ ಅವನು ಹಿಡಿದ. "ಕಂಬಗಳೆಲ್ಲ ಒಳಗೆ ವಾಲಿವೆ!" ಹೌದು, ವಾಲಿವೆ. ಮರದ ಕಟ್ಟಡದಲ್ಲಿ ಕಮಾನಿನ ಭಾರ ಕಂಬವನ್ನು ಹೊರಗೆ ತಳ್ಳುತ್ತದೆ. ಅದಕ್ಕೆ ಬಡಗಿ ಕಂಬವನ್ನು ಸ್ವಲ್ಪ ಒಳಗೆ ವಾಲಿಸಿ ನಿಲ್ಲಿಸುತ್ತಾನೆ. ಗುಡ್ಡವನ್ನೇ ಕೊರೆದು ಮಾಡಿದ ಕೋಣೆಯಲ್ಲಿ ಆ ತಳ್ಳಾಟವೇ ಇಲ್ಲ. ಆದರೂ ಕೆತ್ತಿದವರು ವಾಲಿಸಿಯೇ ಕೆತ್ತಿದರು. ಯಾಕೆಂದರೆ ಚೈತ್ಯ ಎಂದರೆ ಅವರಿಗೆ ಗೊತ್ತಿದ್ದದ್ದು ಮರದ ಚೈತ್ಯ. ಕೈಯಲ್ಲಿ ಉಳಿ, ಎದುರಿಗೆ ಕಲ್ಲು, ತಲೆಯಲ್ಲಿ ಮರ! ಕಾರ್ಲಾಕ್ಕೆ ಬರುವ ಹೊತ್ತಿಗೆ ಕಂಬಗಳು ನೆಟ್ಟಗೆ ನಿಂತವು. ಕಲ್ಲಿಗೆ ವಾಲಬೇಕಾಗಿಲ್ಲ ಎಂಬುದು ತಿಳಿಯಲು ಸುಮಾರು ಎಂಟು ಹತ್ತು ತಲೆಮಾರು ಹಿಡಿಯಿತು. ಚಾವಣಿಯ ಮರದ ಪಟ್ಟಿಯನ್ನು ಮಾತ್ರ ಆಗಲೂ ಬಿಡಲಾಗಲಿಲ್ಲ.

ನೋಡುವವರಿಗಷ್ಟೇ ಅಲ್ಲ, ಮಾಡುವವರಿಗೂ ಬಿಲ್ಲೆ ಇರುತ್ತದೆ. ಭಾರ ಹೋದರೂ ಭಾರ ಹೊರುವ ಭಂಗಿ ಹೋಗುವುದಿಲ್ಲ. ಊರು ಬಿಟ್ಟು ಬಂದ ನಮ್ಮಲ್ಲೂ ಇಂಥ ವಾಲಿದ ಕಂಬಗಳು ಎಷ್ಟಿಲ್ಲ ಹೇಳಿ. ಜೂನ್ ಬಂದರೆ ಇಲ್ಲಿನ ಫ್ಲ್ಯಾಟಿನಲ್ಲೂ ಹಪ್ಪಳ ಸಂಡಿಗೆ ಡಬ್ಬಿ ತುಂಬಿಸಿಡುವ ನನ್ನ ಹೆಂಡತಿಯನ್ನು ನೋಡಿದರೆ ನನಗೆ ಭಾಜಾ ನೆನಪಾಗುತ್ತದೆ. (ಇದನ್ನು ಅವಳು ಓದದಿದ್ದರೆ ಒಳ್ಳೆಯದು.)

ಭಾಜಾದಲ್ಲೇ ಸ್ವಲ್ಪ ದೂರದ ಒಂದು ವಿಹಾರದ ಜಗಲಿಯಲ್ಲಿ ಎರಡು ಉಬ್ಬುಶಿಲ್ಪಗಳಿವೆ. ಒಂದರಲ್ಲಿ ನಾಲ್ಕು ಕುದುರೆಯ ರಥ, ಮೇಲೆ ಒಬ್ಬ ಪುರುಷ, ಇಬ್ಬರು ಹೆಂಗಸರು, ಕೆಳಗೆ ದೈತ್ಯಾಕೃತಿ. ಇನ್ನೊಂದರಲ್ಲಿ ಆನೆಯ ಮೇಲೆ ಕೂತವನು, ಆನೆ ಮರ ಕಿತ್ತು ಎತ್ತಿದೆ. ಆನಂದ ಕುಮಾರಸ್ವಾಮಿಯವರಂಥ ದೊಡ್ಡವರು ಇದನ್ನು ಸೂರ್ಯ ಮತ್ತು ಇಂದ್ರ ಎಂದರು. ವೇದ ಓದಿದ ಕಣ್ಣಿಗೆ ಅದು ಸಹಜ. ಆದರೆ ಬೌದ್ಧ ವಿಹಾರದ ಬಾಗಿಲಲ್ಲಿ ಇವರಿಗೇನು ಕೆಲಸ ಎಂದು ಕೇಳಿದವರು ಬೌದ್ಧ ಕಥೆಗಳನ್ನು ತೆಗೆದು, ಇದು ಮಾಂಧಾತ ಚಕ್ರವರ್ತಿಯ ದಿಗ್ವಿಜಯ ಎಂದರು. ಕಲ್ಲು ಎರಡಕ್ಕೂ ಸುಮ್ಮನೆ ತಲೆಯಾಡಿಸುತ್ತದೆ.

ಈಗ ಕಾಕಾ. ಬಿಲ್ಲೆ ಎಂದರೆ ಬರೀ ದಾರಿ ತಪ್ಪಿಸುವುದು ಎಂದುಕೊಳ್ಳಬೇಡಿ. ಬಿಲ್ಲೆಯೇ ಇಲ್ಲದಿದ್ದರೆ ಹಿಟ್ಟು ಮುದ್ದೆಯಾಗಿಯೇ ಉಳಿಯುತ್ತದೆ. ಘಾಟಿಯ ಏರು 37ಕ್ಕೆ 1 ಎಂದು ನಿದ್ದೆಯಲ್ಲೂ ಹೇಳುವ ಕಾಕಾ ಒಂದೇ ಮಾತಿನಲ್ಲಿ ಹೇಳಿದ್ದನ್ನು ಡಿ.ಡಿ. ಕೋಸಂಬಿಯವರು ವರ್ಷಗಟ್ಟಲೆ ನಡೆದು ಹೇಳಿದರು. ಗಣಿತದ ಪ್ರಾಧ್ಯಾಪಕರು, ಪುಣೆಯಿಂದ ಮುಂಬೈಗೆ ಡೆಕ್ಕನ್ ಕ್ವೀನ್‌ನಲ್ಲಿ ಓಡಾಡುತ್ತಿದ್ದವರು. ಈ ಗುಹೆಗಳು ಸಂಸಾರ ಬಿಟ್ಟವರು ಕಾಡು ಹುಡುಕಿಕೊಂಡು ಬಂದ ಜಾಗಗಳಲ್ಲ, ಕರಾವಳಿಯ ಬಂದರುಗಳಿಂದ ಘಾಟಿ ಹತ್ತಿ ಬರುವ ವ್ಯಾಪಾರದ ದಾರಿಯ ಮೇಲೆ ಕೂತಿವೆ ಎಂದು ತೋರಿಸಿದರು. ಅದುವರೆಗೆ ಗುಹೆ ಎಂದರೆ ಧ್ಯಾನ ಎಂದಷ್ಟೇ ನೋಡುತ್ತಿದ್ದವರಿಗೆ ಎತ್ತು, ಹೇರು, ಲೆಕ್ಕಪತ್ರ ಕಾಣತೊಡಗಿತು. ಹೊಸ ಬಿಲ್ಲೆ, ಹೊಸ ತಿಂಡಿ.

ಇನ್ನು ನನ್ನ ಸರದಿ. ತಪ್ಪಿಸಿಕೊಳ್ಳುವ ಹಾಗಿಲ್ಲ.

ನನ್ನ ಊರು ಸೊರಬ ತಾಲ್ಲೂಕಿನಲ್ಲಿ, ವರದಾ ನದಿಯ ಹತ್ತಿರ. ಬನವಾಸಿಯ ತೇರಿಗೆ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದವರು ನಾವು. ಇಪ್ಪತ್ತೆರಡನೇ ವಯಸ್ಸಿಗೆ ಪಿಂಪರಿಯ ಕಾರ್ಖಾನೆಗೆ ಕೆಲಸಕ್ಕೆ ಬಂದೆ. ಬಾಡಿಗೆ ಕಡಿಮೆ ಎಂದು ಲೋಣಾವಳಾದಲ್ಲಿ ಕೋಣೆ ಹಿಡಿದು ಲೋಕಲ್‌ನಲ್ಲಿ ಓಡಾಡಿದೆ. ಕಾರ್ಖಾನೆಯಲ್ಲಿ ನನ್ನ ಹೆಸರು ಹೋಗಿ "ಅಣ್ಣಾ" ಆಯ್ತು, ಒಬ್ಬೊಬ್ಬರ ಬಾಯಲ್ಲಿ "ಮದ್ರಾಸಿ." ಸೊರಬಕ್ಕೂ ಮದ್ರಾಸಿಗೂ ಏನು ಸಂಬಂಧ ಎಂದು ಹೇಳಿ ಹೇಳಿ ಬಾಯಿ ನೋಯಿತು. ಅಂಥ ದಿನಗಳಲ್ಲೇ ಒಬ್ಬರು ಕಾರ್ಲಾದ ಆ ಎಡಗೋಡೆಯ ಸಾಲಿನ ಅರ್ಥ ಹೇಳಿದರು. ವೈಜಯಂತಿಯಿಂದ ಬಂದ ಸೇಠಿ ಭೂತಪಾಲ ಎಂಬವನು ಜಂಬೂದ್ವೀಪದಲ್ಲೇ ಉತ್ತಮವಾದ ಈ ಕಲ್ಲಿನ ಮನೆಯನ್ನು ಪೂರ್ತಿ ಮಾಡಿಸಿದ, ಅಂತ. ವೈಜಯಂತಿ ಅಂದರೆ ನಮ್ಮ ಬನವಾಸಿ!

ನನಗೆ ಏನಾಯಿತು ಎಂದು ಹೊರನಾಡಿನಲ್ಲಿರುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಪಂಪ ಬನವಾಸಿಯನ್ನು ನೆನೆದು ಬರೆದ ಆ ಸಾಲು ನಿಮ್ಮ ನಾಲಿಗೆಯ ತುದಿಯಲ್ಲೇ ಇದೆ. ಎರಡು ಸಾವಿರ ವರ್ಷದ ಹಿಂದೆ ನಮ್ಮೂರಿನವನೊಬ್ಬ ಇದೇ ಲೋಣಾವಳಾಕ್ಕೆ ಬಂದಿದ್ದ! ಬಾಡಿಗೆ ಕೋಣೆ ಹುಡುಕಲು ಅಲ್ಲ, ಜಂಬೂದ್ವೀಪಕ್ಕೇ ಉತ್ತಮವಾದ ಮನೆ ಕಟ್ಟಿಸಲು!

ಆಮೇಲೆ ಒಂದು ನವೆಂಬರಿನಲ್ಲಿ ರಾಜ್ಯೋತ್ಸವದ ಸಭೆಯೊಂದರಲ್ಲಿ ನನಗೆ ಮಾತಾಡಲು ಹೇಳಿದರು. ಇದನ್ನೇ ಮಾತಾಡಿದೆ. "ಕಾರ್ಲಾ ಗುಹೆ ಕಟ್ಟಿದ್ದು ಕನ್ನಡಿಗ" ಎಂದೆ. ಚಪ್ಪಾಳೆಯೋ ಚಪ್ಪಾಳೆ. "ಸೇಠಿ ಅಂದರೆ ಶೆಟ್ಟಿ, ಇನ್ನೇನು ಸಾಕ್ಷಿ ಬೇಕು?" ಎಂದೆ. ಮತ್ತೆ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ನಿವೃತ್ತ ಮೇಷ್ಟ್ರು ಎದ್ದು, "ಶಾಸನ ಪ್ರಾಕೃತದಲ್ಲಿದೆಯಲ್ಲವೇ? ಆತ ಮನೆಯಲ್ಲಿ ಏನು ಮಾತಾಡುತ್ತಿದ್ದ ಅಂತ ನಮಗೆ ಹೇಗೆ ಗೊತ್ತು?" ಅಂತ ಮೆಲ್ಲಗೆ ಕೇಳಿದರು. ನನಗೆ ಸಿಟ್ಟು ಬಂತು. "ನಿಮ್ಮಂಥವರು ಇರೋದಕ್ಕೇ ಹೊರನಾಡಲ್ಲಿ ಕನ್ನಡಕ್ಕೆ ಈ ಗತಿ" ಎಂದುಬಿಟ್ಟೆ. ಜನ ನಕ್ಕರು. ಮೇಷ್ಟ್ರು ಕೂತರು.

ಆ ವಾರವೇ ಕಾಕಾ ಹತ್ತಿರ ಜಂಬ ಕೊಚ್ಚಿಕೊಂಡೆ. ಅವರು ನಕ್ಕು, "ಸೇಠಿ ಅಂದ್ರೆ ನಮ್ಮ ಶೇಠ್! ಶೆಟ್ಟಿ ಎಲ್ಲಿಂದ ಬಂದ? ಮತ್ತೆ ಹೊರಗಿನ ಸಿಂಹದ ಕಂಬ ಕೊಟ್ಟವನು ಮಹಾರಠಿ, ಅಂದ್ರೆ ಮರಾಠಾ. ಮನೆ ನಿಮ್ಮದಾದ್ರೆ ಬಾಗಿಲು ನಮ್ದು" ಅಂದರು. ಸುಮ್ಮನೆ ಹೇಳಿದ ಮಾತಲ್ಲ ಅದು. ರಾ. ಗೋ. ಭಾಂಡಾರ್ಕರರು 1884ರ ತಮ್ಮ ದಖ್ಖನ್ನಿನ ಚರಿತ್ರೆಯಲ್ಲಿ ಮಹಾರಠಿಗಳನ್ನೂ ಮಹಾರಾಷ್ಟ್ರದ ಹೆಸರನ್ನೂ ಜೋಡಿಸಿದ್ದರು. ನಾನೂ ಬಿಡಲಿಲ್ಲ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೇ ಸದಕಣ ಕಳಲಾಯ ಮಹಾರಠಿ ಎಂಬವನ ಸೀಸದ ನಾಣ್ಯಗಳು ಸಿಕ್ಕಿವೆ ಎಂದೆ. ಸೇಠಿ, ಶೇಠ್, ಶೆಟ್ಟಿ, ಮೂರೂ ಒಂದೇ ಶ್ರೇಷ್ಠಿಯ ಮಕ್ಕಳು. ಒಬ್ಬ ಹಳೆಯ ಅಜ್ಜನಿಗಾಗಿ ಇಬ್ಬರು ಮೊಮ್ಮಕ್ಕಳು ಜಗಲಿಯಲ್ಲಿ ಕೂತು ಕಿತ್ತಾಡಿದಂತಾಯ್ತು. ಕೊನೆಗೆ ಕಾಕೂ ಚಹಾ ತಂದು ಬಿಡಿಸಿದರು.

ನನ್ನ ಬಿಲ್ಲೆ ಒಡೆದದ್ದು ಕಾಕಾರಿಂದಲ್ಲ, ಪುಸ್ತಕದಿಂದಲೂ ಅಲ್ಲ. ಬನವಾಸಿಯಿಂದಲೇ.

ಒಂದು ಮದುವೆಗೆ ಊರಿಗೆ ಹೋದವನು ಮಧುಕೇಶ್ವರ ದೇವಸ್ಥಾನಕ್ಕೆ ಹೋಗಿದ್ದೆ. ಅಲ್ಲಿ ಪ್ರಾಂಗಣದಲ್ಲಿ ಐದು ಹೆಡೆಯ ಒಂದು ನಾಗರಕಲ್ಲು ಇದೆ. ಚಿಕ್ಕಂದಿನಲ್ಲಿ ಎಷ್ಟು ಸಲ ಅದಕ್ಕೆ ಕೈಮುಗಿದಿದ್ದೇನೋ ಲೆಕ್ಕವಿಲ್ಲ. ಆವತ್ತು ಬಗ್ಗಿ ನೋಡಿದರೆ ಕಲ್ಲಿನ ಅಂಚಿನಲ್ಲಿ ಅಕ್ಷರಗಳು! ಕಾರ್ಲಾದ ಗೋಡೆ ನೋಡಿ ನೋಡಿ ಕಣ್ಣಿಗೆ ಆ ಆಕಾರ ರೂಢಿಯಾಗಿತ್ತು. ಅವೇ ಬ್ರಾಹ್ಮಿಯ ಗೀಟುಗಳು. ಚಿಕ್ಕವನಿದ್ದಾಗ ಅವನ್ನು ನಾನು ಅಕ್ಷರ ಅಂತಲೇ ನೋಡಿರಲಿಲ್ಲ. ನಾಗರಕಲ್ಲಿಗೆ ಅರಿಶಿನ ಕುಂಕುಮ ಇರುತ್ತದೆ, ಬರಹ ಎಲ್ಲಿಂದ ಬರಬೇಕು?

ಆಮೇಲೆ ಅದರ ಅರ್ಥ ಹುಡುಕಿ ಓದಿದೆ. ಚುಟು ವಂಶದ ಹಾರೀತಿಪುತ್ರ ಶಾತಕರ್ಣಿಯ ಹನ್ನೆರಡನೇ ವರ್ಷದ್ದು, 1,700 ವರ್ಷಕ್ಕೂ ಹಿಂದಿನದು. ರಾಜಕುಮಾರಿ ನಾಗಶ್ರೀ ಒಂದು ನಾಗ, ಒಂದು ಕೆರೆ, ಒಂದು ವಿಹಾರ ದಾನ ಕೊಟ್ಟಳು ಎಂದಿದೆ. ಕೆತ್ತಿದ ನಟಕ ಎಂಬವನ ಹೆಸರೂ ಇದೆ. ಭಾಷೆ? ಪ್ರಾಕೃತ. ಕಾರ್ಲಾದ್ದೇ ಭಾಷೆ. ವಿಹಾರ ಎಂಬ ಪದ ನಮ್ಮೂರಿನ ದೇವಸ್ಥಾನದ ಅಂಗಳದಲ್ಲೇ ಕಲ್ಲಿನ ಮೇಲಿತ್ತು. ನಾನು ಅದಕ್ಕೆ ಪ್ರದಕ್ಷಿಣೆ ಹಾಕಿ ಬೆಳೆದಿದ್ದೆ. ಕಂಡಿರಲಿಲ್ಲ.

ಆ ರಾತ್ರಿ ಬಸ್ಸಿನಲ್ಲಿ ಮೇಷ್ಟ್ರು ನೆನಪಾದರು. ಬನವಾಸಿ ಎಂದ ಕೂಡಲೇ ನನಗೆ ಕಾಣುತ್ತಿದ್ದದ್ದು ಕದಂಬರು, ಪಂಪ, ಹಳದಿ ಕೆಂಪು ಬಾವುಟ. ಕದಂಬರು ಬಂದದ್ದು ನಾಲ್ಕನೇ ಶತಮಾನದಲ್ಲಿ. ಹಲ್ಮಿಡಿಯ ಕನ್ನಡ ಶಾಸನ ಸುಮಾರು ಕ್ರಿ.ಶ. 450ರದ್ದು. ಪಂಪ ಹತ್ತನೇ ಶತಮಾನದವನು. ಭೂತಪಾಲ ಇವರೆಲ್ಲರಿಗಿಂತ ಹಳಬ. ಅವನ ಕಾಲದ ಬನವಾಸಿ ಶಾತವಾಹನರ ದಖ್ಖನ್ನಿನ ಒಂದು ವ್ಯಾಪಾರದ ಪಟ್ಟಣ. ಗ್ರೀಕ್ ಭೂಗೋಳಕಾರ ಟಾಲೆಮಿಗೂ ಅದರ ಹೆಸರು ಗೊತ್ತಿತ್ತು. ಅಶೋಕನ ಕಾಲದಲ್ಲಿ ರಕ್ಖಿತ ಎಂಬ ಥೇರನನ್ನು ವನವಾಸಕ್ಕೆ ಕಳಿಸಿದ್ದರು ಎಂದು ಸಿಂಹಳದ ಮಹಾವಂಸ ಹೇಳುತ್ತದೆ. ಅಲ್ಲಿಯ ಬೀದಿಯಲ್ಲಿ ಕನ್ನಡದ ಹಳೆಯ ರೂಪವೊಂದು ಕೇಳಿಸುತ್ತಿತ್ತು ಎಂದು ಊಹಿಸಬಹುದು. ಆದರೆ ಊಹೆಯನ್ನು ಸಾಕ್ಷಿ ಎಂದು ಮಾರುವ ಹಕ್ಕು ನನಗಿರಲಿಲ್ಲ. ಮೇಷ್ಟ್ರು ಕೇಳಿದ್ದು ಅಷ್ಟೇ.

ಹಾಗಂತ ವೈಜಯಂತಿಯೇ ಬನವಾಸಿ ಅಲ್ಲವೆಂದಲ್ಲ. ಕದಂಬರ ಶಾಸನಗಳು ಬನವಾಸಿಯನ್ನು ವೈಜಯಂತಿ ಎಂದೇ ಕರೆಯುತ್ತವೆ. ವಿದ್ವಾಂಸರಲ್ಲಿ ಹೆಚ್ಚಿನವರು ಇದನ್ನು ಒಪ್ಪುತ್ತಾರೆ. ಆದರೆ ಇಲ್ಲೂ ಎಚ್ಚರ ಬೇಕು. ಗೌತಮೀಪುತ್ರ ಶಾತಕರ್ಣಿಯ ಹದಿನೆಂಟನೇ ವರ್ಷದ ನಾಸಿಕ ಶಾಸನದಲ್ಲಿಯೂ ಅದೇ ಶಬ್ದ ಬರುತ್ತದೆ. ಕೆಲವರು ಅದನ್ನು ವೈಜಯಂತಿ ಪಟ್ಟಣದ ಸೇನಾಬಿಡಾರ ಎಂದು ಓದಿದರೆ, ಇನ್ನು ಕೆಲವರು ವಿಜಯಿಯಾದ ಸೇನೆ ಎಂದಷ್ಟೇ ಓದುತ್ತಾರೆ. ಅಕ್ಷರದಲ್ಲಿ ವ್ಯತ್ಯಾಸವಿಲ್ಲ. ಬಿಲ್ಲೆ ಬೇರೆ.

ಇದಾದ ಮೇಲೆ ಕಾರ್ಲಾದ ಕಂಬಗಳ ಮೇಲಿನ ಯವನರನ್ನೂ ನಾನು ಬೇರೆ ರೀತಿ ನೋಡತೊಡಗಿದೆ. ಧೇನುಕಾಕಟದ ಹಲವು ಯವನರು ಇಲ್ಲಿ ಕಂಬ ಕೊಟ್ಟಿದ್ದಾರೆ. ಹೆಸರು ನೋಡಿದರೆ ಸಿಂಹಧ್ವಜ, ಯಶೋವರ್ಧನ, ಧರ್ಮ! ಗ್ರೀಕರೇ ಬೌದ್ಧರಾಗಿ ಹೆಸರು ಬದಲಿಸಿಕೊಂಡರು ಎಂದು ಕೆಲವರು, ಇವರು ಇಲ್ಲಿಯವರೇ, ಯವನ ಎಂಬುದು ಬರೀ ಹಣೆಪಟ್ಟಿ ಎಂದು ಕೆಲವರು. ನನಗೆ ನೆನಪಾಗುವುದು "ಮದ್ರಾಸಿ." ಯವನ ಎಂಬ ಪದ ಮೊದಲು ಅಯೋನಿಯಾದ ಗ್ರೀಕರಿಗೆ ಇದ್ದದ್ದು, ಆಮೇಲೆ ಪಡುವಣದ ಪರದೇಶಿಯರಿಗೆಲ್ಲ ಅಂಟಿತು. ಸೊರಬದವನು ಪಿಂಪರಿಯಲ್ಲಿ ಮದ್ರಾಸಿಯಾದ ಹಾಗೆ. ಎರಡು ಸಾವಿರ ವರ್ಷದ ನಂತರ ಯಾರಾದರೂ ನಮ್ಮ ಕಾರ್ಖಾನೆಯ ಹಾಜರಿ ಪುಸ್ತಕ ಓದಿದರೆ ನನ್ನನ್ನು ಯಾವ ದೇಶದವನು ಎಂದು ಬರೆದಾರು?

ಆದರೆ ಇದೂ ನನ್ನ ಬಿಲ್ಲೆಯೇ, ಗೊತ್ತಿದೆ. ವಲಸಿಗನ ಬಿಲ್ಲೆ. ಭೂತಪಾಲನ ಸಾಲಿನಲ್ಲಿ ಊರಿನ ಹೆಸರು ಮೊದಲು, ತನ್ನ ಹೆಸರು ಆಮೇಲೆ ಬರುತ್ತದೆ ಎಂದು ನೋಡಿ ಒಮ್ಮೆ ನನ್ನ ಕಣ್ಣು ತುಂಬಿತ್ತು. ಎಂಥ ಊರಿನ ಅಭಿಮಾನ ಅಂತ! ಆಮೇಲೆ ನೋಡಿದರೆ ಧೇನುಕಾಕಟದವರೂ ಹಾಗೇ ಬರೆಸಿದ್ದಾರೆ. ಅದು ಆ ಕಾಲದ ಬರೆಯುವ ಪದ್ಧತಿ, ನಾವು ಅರ್ಜಿಯಲ್ಲಿ ವಿಳಾಸ ಬರೆಯುವ ಹಾಗೆ. ನಾನು ಅಳು ಒತ್ತಿದ್ದು ಅರ್ಜಿಯ ಮೇಲೆ!

ಬಿಲ್ಲೆಯಿಲ್ಲದೆ ನೋಡಲು ಬರುವುದಿಲ್ಲ, ಅದಂತೂ ನಿಜ. ಆದರೆ ಒರಳನ್ನು ಬಿಚ್ಚಿ ಒಳಗೆ ಯಾವ ಬಿಲ್ಲೆ ಇದೆ ಅಂತ ನೋಡಲು ಬರುತ್ತದೆ. ಅದನ್ನು ನೋಡಿಕೊಳ್ಳಲು ಸಾಮಾನ್ಯವಾಗಿ ಇನ್ನೊಬ್ಬರು ಬೇಕು. ಬೇರೆ ಒರಳಿನವರು. ನಮಗೆ ಸಿಟ್ಟು ಬರಿಸುವ ಪ್ರಶ್ನೆ ಕೇಳುವವರು. ಚಪ್ಪಾಳೆ ತಟ್ಟಿದ ಇನ್ನೂರು ಜನರಿಂದ ನಾನು ಕಲಿತದ್ದು ಏನೂ ಇಲ್ಲ. ಎದ್ದು ನಿಂತ ಒಬ್ಬರಿಂದ ಕಲಿತೆ, ಅದೂ ಹತ್ತು ವರ್ಷ ತಡವಾಗಿ. ಕ್ಷಮೆ ಕೇಳೋಣವೆಂದು ಅವರ ಮನೆ ಹುಡುಕಿಕೊಂಡು ಹೋದಾಗ ಬಾಗಿಲು ತೆಗೆದದ್ದು ಅವರ ಸೊಸೆ. ಮೇಷ್ಟ್ರು ಹೋಗಿ ಎರಡು ವರ್ಷವಾಗಿತ್ತು.

ಕಾರ್ಲಾದಿಂದ ಇಳಿಯುವಾಗ ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ. ಪಾಂಡವರಲ್ಲ, ಬೌದ್ಧರು, ರಾಜನಲ್ಲ, ವ್ಯಾಪಾರಿಗಳು, ಬಡಗಿಗಳು, ಕೊನೆಗೆ ಪೂರ್ತಿ ಮಾಡಿಸಿದವನು ನಮ್ಮ ಬನವಾಸಿ ಕಡೆಯವನು ಅಂತ. ಅವರು ಒಂದು ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಕೇಳಿದರು:

"ಬನವಾಸಿಯವನು ಅಂತೀಯ. ಆಮೇಲೆ ಅವನು ಊರಿಗೆ ವಾಪಸ್ ಹೋದ್ನಾ?"

ಗೋಡೆಯಲ್ಲಿ ಅದು ಬರೆದಿಲ್ಲ ಎಂದೆ. ದೊಡ್ಡಮ್ಮ ನನ್ನ ಮುಖವನ್ನೇ ನೋಡುತ್ತಾ, "ಹೋಗಿರ್ತಾನೆ ಬಿಡು" ಅಂದರು. ಅವರ ಒರಳಿನಲ್ಲಿ ಆಗ ಯಾವ ಬಿಲ್ಲೆ ಇತ್ತು ಎಂದು ನನಗೆ ಗೊತ್ತಾಯಿತು. ಏನೂ ಹೇಳದೆ ಕೈ ಹಿಡಿದು ಮುಂದಿನ ಮೆಟ್ಟಿಲು ಇಳಿಸಿದೆ.